ಗೋಡೆಗೆ ಹತ್ತಿದ ವಿಷ: ಮನೆ ತೊಳೆಯುವ ಒಂದು ಕಸುಬಿನ ಚರಿತ್ರೆ

ಮಾದಕ ದ್ರವ್ಯ ತಯಾರಿಸುವ ಅಡ್ಡೆಯ ಮೇಲೆ ಪೊಲೀಸರು ದಾಳಿ ನಡೆಸಿದರೆಂಬ ಸುದ್ದಿ ನಮಗೀಗ ಅಪರೂಪದ್ದಲ್ಲ. 2025ರ ಜುಲೈಯಲ್ಲಿ ಮುಂಬೈ ಪೊಲೀಸರು ಮೈಸೂರಿಗೆ ಬಂದು, 'ಎಂ.ಡಿ.' ಎಂಬ ಅಮಲು ಪದಾರ್ಥ ತಯಾರಾಗುತ್ತಿದ್ದ ಜಾಗವನ್ನು ಪತ್ತೆ ಹಚ್ಚಿದಾಗ ಕೆಲವು ದಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಎಷ್ಟು ಕಿಲೋ ಸಿಕ್ಕಿತು, ಅದರ ಬೆಲೆ ಎಷ್ಟು ಕೋಟಿ, ಯಾರು ಸಿಕ್ಕಿಬಿದ್ದರು ಎಂಬುದನ್ನೆಲ್ಲ ನಾವು ಓದಿದೆವು. ಅನಂತರ ಬಾಗಿಲಿಗೆ ಬೀಗ ಬೀಳುತ್ತದೆ, ಬೀಗಕ್ಕೆ ಮುದ್ರೆ ಬೀಳುತ್ತದೆ, ಸುದ್ದಿಯೂ ಅಲ್ಲಿಗೆ ಮುಗಿಯುತ್ತದೆ. ಆದರೆ ತಿಂಗಳುಗಟ್ಟಲೆ ರಾಸಾಯನಿಕಗಳ ಹೊಗೆ ಕುಡಿದ ಆ ಗೋಡೆಗಳ ಗತಿಯೇನು? ಮುದ್ರೆ ಒಡೆದ ಮೇಲೆ ಆ ಸೂರಿನಡಿ ಮಕ್ಕಳು ಮರಿ ಕಟ್ಟಿಕೊಂಡು ಬಾಡಿಗೆಗೆ ಬರುವವರಿಗೆ ಅಲ್ಲಿ ಹಿಂದೆ ಏನು ನಡೆದಿತ್ತೆಂದು ಹೇಳುವವರು ಯಾರು?

ಈ ಪ್ರಶ್ನೆಯನ್ನು ಸರಕಾರಿ ಮಟ್ಟದಲ್ಲಿ ಎತ್ತಿಕೊಂಡು, ಅದಕ್ಕಾಗಿ ಕಾನೂನು, ಮಾನದಂಡ ಮತ್ತು ಕೊನೆಗೆ ಒಂದು ಹೊಸ ಕಸುಬನ್ನೇ ಹುಟ್ಟಿಸಿದ ದೇಶ ಅಮೇರಿಕ. ಅದೇ ಕಸುಬು ಸಾಗರ ದಾಟಿ ನ್ಯೂಜಿಲೆಂಡಿಗೆ ಹೋದಾಗ ಏನಾಯಿತು ಎಂಬುದು ಈ ಚರಿತ್ರೆಯ ಇನ್ನೊಂದು ಅಧ್ಯಾಯ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಗಮನ ಕೊಡಬೇಕಾದುದು ಈ ಎರಡನೆಯ ಅಧ್ಯಾಯಕ್ಕೆ.

ಈ ಇಡೀ ಕತೆಯ ಕೇಂದ್ರದಲ್ಲಿರುವ ವಸ್ತು ಮೆಥಾಂಫೆಟಮಿನ್, ಜನರ ಬಾಯಲ್ಲಿ 'ಮೆತ್'. ಅದು ಬೀದಿಯಲ್ಲಿ ಹುಟ್ಟಿದ್ದಲ್ಲ, ಪ್ರಯೋಗಶಾಲೆಯಲ್ಲಿ ಹುಟ್ಟಿದ್ದು. ಜಪಾನಿನ ರಸಾಯನ ಶಾಸ್ತ್ರಜ್ಞ ನಗಾಯಿ ನಗಾಯೋಶಿ 1893ರಲ್ಲಿ ಅದನ್ನು ಮೊದಲು ತಯಾರಿಸಿದರು. 1919ರಲ್ಲಿ ಅಕಿರಾ ಒಗಾಟ ಅದಕ್ಕೆ ಹರಳಿನ ರೂಪ ಕೊಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಸೈನಿಕರಿಗೆ 'ಪೆರ್ವಿಟಿನ್' ಎಂಬ ಹೆಸರಿನಲ್ಲಿ, ಜಪಾನಿನಲ್ಲಿ 'ಹಿರೊಪೋನ್' ಎಂಬ ಹೆಸರಿನಲ್ಲಿ ನಿದ್ದೆಗೆಡಲು ಇದೇ ಮಾತ್ರೆಯನ್ನು ನುಂಗಿಸಲಾಯಿತು. ಯುದ್ಧ ಮುಗಿದ ಮೇಲೆ ಜಪಾನಿನ ಬೀದಿಗಳಲ್ಲಿ ವ್ಯಸನಿಗಳು ತುಂಬಿದರು. 1951ರಲ್ಲಿ ಅಲ್ಲಿನ ಸರಕಾರ ಕಟ್ಟುನಿಟ್ಟಿನ ಕಾನೂನು ತರಬೇಕಾಯಿತು. ಪ್ರಭುತ್ವಗಳು ತಾವೇ ಹಂಚಿದ್ದನ್ನು ತಾವೇ ನಿಷೇಧಿಸುವ ಈ ಪರಿಪಾಟ ಅಮಲಿನ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಅಮೇರಿಕದಲ್ಲಿ 1970ರ ಕಾನೂನು ಇಂತಹ ಔಷಧಗಳಿಗೆ ಮೂಗುದಾರ ಹಾಕಿತು. ಆಗ ಮೋಟಾರ್‌ಸೈಕಲ್ ಗ್ಯಾಂಗುಗಳು ಕಳ್ಳತನದಲ್ಲಿ ಅದನ್ನು ತಯಾರಿಸತೊಡಗಿದವು. 1980ರಲ್ಲಿ ಅವರು ಬಳಸುತ್ತಿದ್ದ ಮುಖ್ಯ ರಾಸಾಯನಿಕವನ್ನು ಸರಕಾರ ನಿಯಂತ್ರಣಕ್ಕೆ ತಂದಿತು. ತಯಾರಕರು ಬೇರೆ ದಾರಿ ಹುಡುಕಿದರು. ಮದ್ದಿನಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿದ್ದ ಶೀತದ ಮಾತ್ರೆಯೇ ಕಚ್ಚಾ ವಸ್ತುವಾಯಿತು. ಅಲ್ಲಿಂದ ಮುಂದೆ ದೊಡ್ಡ ಪ್ರಯೋಗಶಾಲೆ ಬೇಕಾಗಲಿಲ್ಲ. ಅಡುಗೆಮನೆ, ಬಚ್ಚಲು, ಕಾರು ನಿಲ್ಲಿಸುವ ಕೊಟ್ಟಿಗೆ, ಲಾಡ್ಜಿನ ಕೋಣೆ, ಚಕ್ರದ ಮೇಲಿನ ಮನೆ, ಎಲ್ಲಿ ಬೇಕಾದರೂ 'ಕುಕ್ಕಿಂಗ್' ನಡೆಯತೊಡಗಿತು. ಹೌದು, ಅವರು ಅದಕ್ಕೆ ಇಟ್ಟ ಹೆಸರೇ ಅಡುಗೆ. ಮಿಸ್ಸೌರಿಯಂತಹ ಬೇಸಾಯದ ರಾಜ್ಯಗಳಲ್ಲಿ ರೈತರ ಗೊಬ್ಬರದ ಟ್ಯಾಂಕುಗಳಿಂದ ಅಮೋನಿಯಾ ಕದಿಯುವುದು ಪೊಲೀಸರ ದಿನನಿತ್ಯದ ತಲೆನೋವಾಯಿತು.

ಒಂದು ಪೌಂಡ್ ಮೆತ್ ತಯಾರಾದರೆ ಐದಾರು ಪೌಂಡ್ ವಿಷದ ತ್ಯಾಜ್ಯ ಉಳಿಯುತ್ತದೆಂದು ಅಮೇರಿಕದ ಅಧಿಕಾರಿಗಳು ಹೇಳುತ್ತಾ ಬಂದಿದ್ದಾರೆ. ಆ ತ್ಯಾಜ್ಯ ಬಚ್ಚಲ ತೂಬಿಗೆ, ಹಿತ್ತಲ ಹೊಂಡಕ್ಕೆ, ತೊರೆಗೆ, ರಸ್ತೆ ಬದಿಗೆ ಹೋಯಿತು. ಆವಿಯಾದದ್ದು ಗೋಡೆ, ಪರದೆ, ಹಾಸಿಗೆಗಳಿಗೆ ಹತ್ತಿಕೊಂಡಿತು. ಬೆಂಕಿ ಅವಘಡಗಳಂತೂ ಸಾಮಾನ್ಯವಾದವು. 1995ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಕೌಂಟಿಯ ಒಂದು ಚಕ್ರದ ಮನೆಯಲ್ಲಿ ಇಂತಹ 'ಅಡುಗೆ' ಸ್ಫೋಟಗೊಂಡು ಮೂವರು ಮಕ್ಕಳು ಸುಟ್ಟು ಸತ್ತರು. ಅವರ ತಾಯಿಯ ಮೇಲೆ ಕೊಲೆಯ ಅಪರಾಧ ಸಾಬೀತಾಯಿತು. ದಾಳಿಯ ಹೊತ್ತಿನಲ್ಲಿ ಅಲ್ಲಿ ಸಿಗುವ ಮಕ್ಕಳನ್ನು ಏನು ಮಾಡಬೇಕು, ಅವರಿಗೆ ಯಾವ ವೈದ್ಯಕೀಯ ತಪಾಸಣೆ ಆಗಬೇಕು ಎಂಬ ವ್ಯವಸ್ಥೆ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡದ್ದು ಈ ದಶಕದಲ್ಲೇ.

ಶುಚಿಗೊಳಿಸುವ ವಿಷಯದಲ್ಲಿ ಮೊದಲ ಹೆಜ್ಜೆ ಬಿದ್ದದ್ದು ಅದಕ್ಕೂ ಸ್ವಲ್ಪ ಮುಂಚೆ. 1988ರ ಕಾನೂನಿನ ಪ್ರಕಾರ ಮಾದಕ ದ್ರವ್ಯ ನಿಗ್ರಹ ಇಲಾಖೆ, ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ಕರಾವಳಿ ರಕ್ಷಣಾ ಪಡೆ ಒಟ್ಟಾಗಿ ಒಂದು ಕಾರ್ಯಪಡೆ ರಚಿಸಿಕೊಂಡವು. 1990ರಲ್ಲಿ ಅದರ ಮಾರ್ಗಸೂಚಿ ಹೊರಬಂತು. ಅದರ ಮುಖ್ಯ ಚಿಂತೆ ಡಬ್ಬಿ, ಬಾಟಲಿ, ಸೀಸೆಗಳಲ್ಲಿದ್ದ ರಾಸಾಯನಿಕಗಳನ್ನು ಅಪಾಯವಿಲ್ಲದೆ ಹೊರಸಾಗಿಸುವುದಾಗಿತ್ತು. ಇದು ಸರಕಾರದ ಖರ್ಚಿನಲ್ಲಿ ನಡೆಯುತ್ತಿತ್ತು. ಆದರೆ ಬಾಟಲಿಗಳು ಹೋದ ಮೇಲೆ ಉಳಿದ ಮನೆ ಮಾಲೀಕನ ಪಾಲಿಗೆ ಬಿಟ್ಟಿದ್ದು. ಅದೇ 1990ರಲ್ಲಿ ವಾಷಿಂಗ್ಟನ್ ರಾಜ್ಯ ಒಂದು ಹೆಜ್ಜೆ ಮುಂದೆ ಹೋಗಿ, ಇಂತಹ ಮನೆಯಲ್ಲಿ ಯಾರೂ ವಾಸಿಸಕೂಡದೆಂದು ಘೋಷಿಸುವ ಅಧಿಕಾರವನ್ನು ಆರೋಗ್ಯ ಅಧಿಕಾರಿಗಳಿಗೆ ಕೊಟ್ಟಿತು. ತೊಳೆಯುವ ಕೆಲಸವನ್ನು ತರಬೇತಿ ಪಡೆದು ಪರವಾನಿಗೆ ಹೊಂದಿದ ಗುತ್ತಿಗೆದಾರರೇ ಮಾಡಬೇಕೆಂದೂ ವಿಧಿಸಿತು. ಹೊಸ ಕಸುಬು ಹುಟ್ಟಿದ್ದು ಹೀಗೆ.

ಆ ಕಸುಬಿನವರು ಮಾಡುವ ಕೆಲಸವನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ತಲೆಯಿಂದ ಕಾಲಿನವರೆಗೆ ಮುಚ್ಚುವ ಉಡುಪು, ಕೈಚೀಲ, ಉಸಿರಾಟಕ್ಕೆ ಶೋಧಕವಿರುವ ಮುಖವಾಡ ಧರಿಸಿ ಅವರು ಒಳಹೋಗುತ್ತಾರೆ. ಮೊದಲ ಕೆಲಸ ಕಿಟಕಿ ಬಾಗಿಲುಗಳನ್ನು ತೆರೆದು ಗಾಳಿಯಾಡಿಸುವುದು. ಅನಂತರ ಗೋಡೆಯ ಮೇಲೆ ಹತ್ತು ಸೆಂಟಿಮೀಟರ್ ಉದ್ದ, ಹತ್ತು ಸೆಂಟಿಮೀಟರ್ ಅಗಲದ ಚೌಕ ಗುರುತಿಸಿ, ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯ ತುಂಡಿನಿಂದ ಅದನ್ನು ಒರೆಸಿ ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ನೆಲದ ಹಾಸು, ಪರದೆ, ಹಾಸಿಗೆ, ಸೋಫಾ, ಹೀಗೆ ವಿಷ ಹೀರಿಕೊಳ್ಳುವ ವಸ್ತುಗಳನ್ನೆಲ್ಲ ಸಾಮಾನ್ಯವಾಗಿ ಎಸೆದೇ ಬಿಡುತ್ತಾರೆ. ಅತಿ ಸೂಕ್ಷ್ಮ ಧೂಳನ್ನೂ ಹಿಡಿಯುವ ಯಂತ್ರದಿಂದ ಧೂಳು ಎಳೆಯುತ್ತಾರೆ. ಆಮೇಲೆ ತೊಳೆಯುವ ಕೆಲಸ. ಮೇಲ್ಛಾವಣಿಯಿಂದ ಆರಂಭಿಸಿ ಗೋಡೆ, ಕೊನೆಗೆ ನೆಲ. ಸಾಬೂನು ನೀರಿನಿಂದ ತೊಳೆಯುವುದು, ಶುದ್ಧ ನೀರಿನಿಂದ ಜಾಲಾಡುವುದು, ಒರೆಸುವ ಬಟ್ಟೆಯನ್ನೂ ನೀರನ್ನೂ ಮತ್ತೆ ಮತ್ತೆ ಬದಲಿಸುವುದು. ಹೀಗೆ ಮೂರು ಸಲ ಆಗಬೇಕು. ತಹಾರತ್‌ನ ಪಾಠ ಓದಿದವರಿಗೆ ಮೂರು ಸಲ ತೊಳೆಯುವ ಈ ಲೆಕ್ಕ ಅಪರಿಚಿತವೆನಿಸದು. ಚರಂಡಿ ಕೊಳವೆಗಳಿಗೆ ನೀರು ಹಾಯಿಸಬೇಕು. ಎಲ್ಲ ಕೋಣೆಗಳನ್ನು ಬೆಸೆಯುವ ಗಾಳಿಯ ಕೊಳವೆಗಳನ್ನು ಶುಚಿಗೊಳಿಸಬೇಕು. ಕೊನೆಗೆ ಮತ್ತೆ ಒರೆಸಿ ಪರೀಕ್ಷೆ.

ರಮಝಾನ್ ಬರುವ ಮೊದಲು ನಮ್ಮ ಮನೆಗಳಲ್ಲಿ ಸುಣ್ಣಬಣ್ಣದ ಗಡಿಬಿಡಿ ನಡೆಯುತ್ತದೆ. ಹಳೆಯ ಕಲೆಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಮೆತ್ ತಯಾರಾದ ಮನೆಯಲ್ಲಿ ಮಾತ್ರ ಈ ಉಪಾಯ ನಡೆಯದು. ತೊಳೆಯದೆ ಬಣ್ಣ ಬಳಿದರೆ ಒಳಗಿನ ಅಂಶ ಬಣ್ಣದ ಮೂಲಕವೂ ಹೊರಬರಬಹುದು. ಆದುದರಿಂದ ಮೊದಲು ತೊಳೆದು, ಪರೀಕ್ಷಿಸಿ, ಆಮೇಲೆಯೇ ಬಣ್ಣ. ಆದರೆ ಖರ್ಚು ಉಳಿಸಲು ಬಣ್ಣ ಬಳಿದು ಮನೆ ಮಾರಿದವರು ಅಮೇರಿಕದಲ್ಲಿ ಸಾಕಷ್ಟು ಮಂದಿ ಇದ್ದರು. ಅಂತಹ ಮನೆಯನ್ನು ಕೊಂಡು, ಮಕ್ಕಳಿಗೆ ಕೆಮ್ಮು, ತಲೆನೋವು, ಕಣ್ಣುರಿ ಶುರುವಾದ ಮೇಲಷ್ಟೇ ನೆರೆಯವರಿಂದ ವಿಷಯ ತಿಳಿದುಕೊಂಡ ಕುಟುಂಬಗಳೂ ಇದ್ದವು. ವಿಮಾ ಕಂಪೆನಿಗಳು ಹೆಚ್ಚಾಗಿ ಕೈ ಎತ್ತಿಬಿಡುತ್ತಿದ್ದವು. ತೊಳೆಯುವ ಖರ್ಚು ಕೆಲವು ಸಾವಿರ ಡಾಲರ್‌ಗಳಿಂದ ಹತ್ತಾರು ಸಾವಿರ ಡಾಲರ್‌ಗಳವರೆಗೆ ಏರುತ್ತಿತ್ತು.

ಈ ಭಯಕ್ಕೆ ವೈಜ್ಞಾನಿಕ ಆಧಾರ ಒದಗಿಸಿದ್ದು ಡೆನ್ವರ್ ನಗರದ ನ್ಯಾಷನಲ್ ಜ್ಯೂಯಿಶ್ ವೈದ್ಯಕೀಯ ಕೇಂದ್ರದ ಜಾನ್ ಮಾರ್ಟಿನಿ ಮತ್ತು ಅವರ ಸಂಗಡಿಗರು. 2000ದ ದಶಕದ ಮೊದಲ ವರ್ಷಗಳಲ್ಲಿ ಅವರು ಪೊಲೀಸರ ನೆರವಿನಿಂದ ನಿಯಂತ್ರಿತ ರೀತಿಯಲ್ಲಿ 'ಅಡುಗೆ' ನಡೆಸಿ ಗಾಳಿಯನ್ನೂ ಗೋಡೆಗಳನ್ನೂ ಅಳೆದರು. ಅಡುಗೆಮನೆಯಲ್ಲಿ ನಡೆದ ಕೆಲಸದ ಅಂಶ ಇಡೀ ಮನೆಗೆ ಹರಡುತ್ತದೆ, ಮಾರನೆಯ ದಿನ ಯಾರಾದರೂ ಓಡಾಡಿದರೂ ಕೂತ ಧೂಳು ಮತ್ತೆ ಗಾಳಿಗೇಳುತ್ತದೆ ಎಂದು ಅವರು ತೋರಿಸಿದರು. ತೆವಳುವ ಮಗು ನೆಲ ಮುಟ್ಟಿ ಬಾಯಿಗೆ ಕೈ ಹಾಕುತ್ತದೆ ಎಂಬುದನ್ನು ನೆನೆದರೆ ಇದರ ಗಂಭೀರತೆ ಅರ್ಥವಾಗುತ್ತದೆ.

ಇಲ್ಲೇ ಒಂದು ತೊಡಕಿನ ಪ್ರಶ್ನೆ ಎದುರಾಯಿತು. ಎಷ್ಟು ತೊಳೆದರೆ ಮನೆ ಶುದ್ಧವಾಯಿತೆನ್ನಬಹುದು? ವಾಷಿಂಗ್ಟನ್ ಮತ್ತು ಇತರ ಕೆಲವು ರಾಜ್ಯಗಳು ನೂರು ಚದರ ಸೆಂಟಿಮೀಟರ್ ಜಾಗದಲ್ಲಿ 0.1 ಮೈಕ್ರೊಗ್ರಾಂ ಎಂಬ ಮಿತಿ ಹಾಕಿಕೊಂಡವು. ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೊಗ್ರಾಂ. ಅದರಲ್ಲೂ ಹತ್ತನೇ ಒಂದು ಭಾಗ! ಕೊಲರಾಡೊ 2005ರಲ್ಲಿ 0.5 ಎಂದಿತು. ಈ ಅಂಕೆಗಳಲ್ಲಿ ಹೆಚ್ಚಿನವು, ಇಷ್ಟಕ್ಕಿಂತ ಮೇಲಾದರೆ ಕಾಯಿಲೆ ಬರುತ್ತದೆ ಎಂಬ ಸಂಶೋಧನೆಯಿಂದ ಬಂದವಲ್ಲ. ಪ್ರಯೋಗಶಾಲೆಯ ಯಂತ್ರ ಎಷ್ಟು ಸಣ್ಣದನ್ನು ಕಾಣಬಲ್ಲದು, ಗುತ್ತಿಗೆದಾರ ಎಷ್ಟರ ಮಟ್ಟಿಗೆ ತೊಳೆಯಬಲ್ಲ ಎಂಬುದರಿಂದ ಬಂದವು. ಆರೋಗ್ಯದ ಲೆಕ್ಕಾಚಾರ ಮಾಡಿ ಅಂಕೆ ನಿಗದಿಪಡಿಸಿದ್ದು ಕ್ಯಾಲಿಫೋರ್ನಿಯಾ. ಎಳೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು, ಸಾಕಷ್ಟು ಎಚ್ಚರಿಕೆಯ ಅಂತರ ಬಿಟ್ಟು ಮಾಡಿದ ಆ ಲೆಕ್ಕದಂತೆ 2009ರಲ್ಲಿ ಅದು ತನ್ನ ಮಿತಿಯನ್ನು 0.1ರಿಂದ 1.5ಕ್ಕೆ ಏರಿಸಿತು. ಅಂದರೆ ಹದಿನೈದು ಪಟ್ಟು. ಸಂಶೋಧನೆ ನಡೆಸಬೇಕೆಂದು ಅಮೇರಿಕದ ಕಾಂಗ್ರೆಸ್ 2007ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿತು. 2009ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಮಾರ್ಗಸೂಚಿ ಪ್ರಕಟಿಸಿತು. ನಾವು ಮೇಲೆ ವಿವರಿಸಿದ ತೊಳೆಯುವ ಕ್ರಮ ಬಹುಮಟ್ಟಿಗೆ ಅದರಲ್ಲಿರುವುದೇ. ಆದರೆ ಇಡೀ ದೇಶಕ್ಕೆ ಒಂದೇ ಅಂಕೆಯನ್ನು ಆ ಸಂಸ್ಥೆ ವಿಧಿಸಲಿಲ್ಲ.

ಅಷ್ಟರಲ್ಲಿ ಅಮೇರಿಕದ ಚಿತ್ರ ಬದಲಾಗಿತ್ತು. 2004ರಲ್ಲಿ ಅಡ್ಡೆಗಳ ಪತ್ತೆ ಪ್ರಕರಣಗಳು ಇಪ್ಪತ್ತಮೂರು ಸಾವಿರ ದಾಟಿದ್ದವು. 2006ರಲ್ಲಿ ಶೀತದ ಮಾತ್ರೆಗಳು ಅಂಗಡಿಯ ಕಪಾಟಿನಿಂದ ಕೌಂಟರಿನ ಹಿಂದಕ್ಕೆ ಸರಿದವು. ಕೊಳ್ಳುವವರು ಗುರುತುಚೀಟಿ ತೋರಿಸಿ ಸಹಿ ಹಾಕಬೇಕಾಯಿತು. ಮನೆಯ ಅಡ್ಡೆಗಳು ಕಡಿಮೆಯಾದವು. ನಡುವೆ ಬಾಟಲಿಯೊಂದರಲ್ಲೇ ತಯಾರಿಸುವ ವಿಧಾನದಿಂದ ಮತ್ತೊಮ್ಮೆ ಏರಿದರೂ, ಮೆಕ್ಸಿಕೊದ ದೊಡ್ಡ ಕಾರ್ಖಾನೆಗಳ ಅಗ್ಗದ ಮಾಲು ಬಂದ ಮೇಲೆ ಅವೂ ಇಳಿದವು. ಮೆತ್ ಮಾತ್ರ ಇಳಿಯಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 2011ರ ಆರಂಭದಲ್ಲಿ ತ್ಯಾಜ್ಯ ಸಾಗಿಸಲು ಕೇಂದ್ರ ಸರಕಾರ ಕೊಡುತ್ತಿದ್ದ ಹಣ ಮುಗಿದುಹೋಗಿ, ಸಣ್ಣ ಊರುಗಳ ಪೊಲೀಸರು ಅಡ್ಡೆ ಹಿಡಿಯಲಿಕ್ಕೇ ಹಿಂದೆ ಮುಂದೆ ನೋಡುವಂತಾದದ್ದೂ ಉಂಟು. ಅಡ್ಡೆಗಳಿದ್ದ ವಿಳಾಸಗಳನ್ನು ಸರಕಾರ ಬಹಿರಂಗ ಪಟ್ಟಿ ಮಾಡಿತು. ಆದರೆ ಆ ಪಟ್ಟಿಯ ವಿವರಗಳನ್ನು ತಾನು ಪರಿಶೀಲಿಸಿಲ್ಲವೆಂಬ ಮಾತನ್ನೂ ಅದರಲ್ಲೇ ಸೇರಿಸಿತು.

ಇನ್ನು ನ್ಯೂಜಿಲೆಂಡ್. ಅಲ್ಲೂ ಮೆತ್ ಪಿಡುಗು ಹಳೆಯದು. ಅಲ್ಲಿ ಜನ ಅದನ್ನು 'ಪಿ' ಎಂದು ಕರೆಯುತ್ತಾರೆ. 2010ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಒಂದು ಮಾರ್ಗಸೂಚಿ ಹೊರಡಿಸಿ 0.5 ಮೈಕ್ರೊಗ್ರಾಂ ಮಿತಿಯನ್ನು ಗೊತ್ತುಪಡಿಸಿತು. ಅದು ಮೆತ್ ತಯಾರಿಸಿದ ಮನೆಗಳನ್ನು ಶುಚಿಗೊಳಿಸುವುದಕ್ಕಾಗಿ ಬರೆದ ಮಾರ್ಗಸೂಚಿ. ಆದರೆ ತಪಾಸಣೆಯವರ ಕೈಗೆ ಬಂದ ಮೇಲೆ ಅದು ಎಲ್ಲ ಮನೆಗಳಿಗೂ ಅನ್ವಯವಾಗತೊಡಗಿತು. ಯಾರೋ ಒಬ್ಬ ಒಂದು ಸಂಜೆ ಕೂತು ಸೇದಿದ ಕೋಣೆಯಲ್ಲೂ 0.5 ದಾಟಬಹುದು. ದಾಟಿದರೆ ಮನೆ 'ಕಲುಷಿತ'. ಬ್ಯಾಂಕು, ವಿಮೆ, ಮನೆ ಮಾರಾಟದ ದಲ್ಲಾಳಿಗಳು ಎಲ್ಲರೂ ಪರೀಕ್ಷೆಯ ಚೀಟಿ ಕೇಳತೊಡಗಿದರು. ಪರೀಕ್ಷೆ ಮಾಡುವ, ತೊಳೆಯುವ ಕಂಪೆನಿಗಳು ಅಣಬೆಗಳಂತೆ ಎದ್ದವು. ಯಂತ್ರಕ್ಕೆ ಕಾಣಿಸಿದ್ದೆಲ್ಲ ವಿಷವೆಂದು ಸಾರುವುದರಲ್ಲಿ ಅವುಗಳಿಗೆ ಲಾಭವಿತ್ತು. ಗಿರಾಕಿಗೆ ಭಯವಿದ್ದಷ್ಟು ವ್ಯಾಪಾರ.

ಇದರ ಏಟು ಹೆಚ್ಚು ಬಿದ್ದದ್ದು ಸರಕಾರಿ ಬಾಡಿಗೆ ಮನೆಗಳ ಬಡವರ ಮೇಲೆ. ಅವರಲ್ಲಿ ಆ ನೆಲದ ಮೂಲನಿವಾಸಿ ಮಾವೊರಿಗಳ ಪಾಲು ದೊಡ್ಡದು. ಅಂತಹ ಮನೆಗಳನ್ನು ನೋಡಿಕೊಳ್ಳುತ್ತಿದ್ದ ಸರಕಾರಿ ಸಂಸ್ಥೆ 'ಹೌಸಿಂಗ್ ನ್ಯೂಜಿಲೆಂಡ್'. ಅದು ಮೆತ್ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ ಎಂಬ ನೀತಿ ಹಿಡಿಯಿತು. ಗೋಡೆಯಲ್ಲಿ ಅಂಶ ಕಂಡರೆ ಬಾಡಿಗೆದಾರರು ಹೊರಗೆ. ಎಷ್ಟೋ ಪ್ರಕರಣಗಳಲ್ಲಿ ಅದು ಇವರಿಂದ ಬಂದದ್ದೋ ಹಿಂದಿದ್ದವರಿಂದ ಬಂದದ್ದೋ ಎಂದು ತಿಳಿಯುವ ದಾರಿಯೇ ಇರಲಿಲ್ಲ, ಏಕೆಂದರೆ ಇವರು ಒಳಬರುವ ಮೊದಲು ಪರೀಕ್ಷೆ ನಡೆದಿರಲಿಲ್ಲ. ಆದರೂ ತೊಳೆದ ಖರ್ಚು ಇವರ ತಲೆಗೆ ಬಿತ್ತು. ಕೆಲವರ ಹೆಸರನ್ನು ಸರಕಾರಿ ಮನೆ ಪಡೆಯುವ ಅವಕಾಶದಿಂದಲೇ ಕೆಲವು ಕಾಲ ಹೊರಗಿಡಲಾಯಿತು. ಹಾಸಿಗೆ, ಬಟ್ಟೆ, ಪೀಠೋಪಕರಣಗಳೂ ಹೋದವು. ಮನೆಗಳ ತೀವ್ರ ಕೊರತೆಯಿದ್ದ ದೇಶದಲ್ಲಿ ನೂರಾರು ಸರಕಾರಿ ಮನೆಗಳು ತೊಳೆಯುವುದಕ್ಕಾಗಿ ಕಾಯುತ್ತ ಖಾಲಿ ಬಿದ್ದಿದ್ದವು. ನಾಲ್ಕು ವರ್ಷಗಳಲ್ಲಿ ಈ ಪರೀಕ್ಷೆ ಮತ್ತು ತೊಳೆತಕ್ಕೆ ಆ ಸಂಸ್ಥೆ ಸುಮಾರು ಹತ್ತು ಕೋಟಿ ಡಾಲರ್ ಸುರಿಯಿತು.

ಇಸ್ಲಾಮೀ ಕರ್ಮಶಾಸ್ತ್ರದ ಒಂದು ಮೂಲತತ್ವ ಇಲ್ಲಿ ನೆನಪಾಗುತ್ತದೆ. ಖಚಿತವಾದದ್ದು ಬರಿಯ ಸಂಶಯದಿಂದ ಬಿದ್ದುಹೋಗದು ಎಂಬುದು ಶುದ್ಧಿ-ಅಶುದ್ಧಿಯ ಚರ್ಚೆಗಳಲ್ಲೆಲ್ಲ ವಿದ್ವಾಂಸರು ಹಿಡಿದುಕೊಂಡ ನಿಯಮ. ಕಲೆ ಕಂಡರೆ ತೊಳೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದ್ದಿರಬಹುದೇನೋ ಎಂಬ ಗುಮಾನಿಯಿಂದಲೇ ಬಟ್ಟೆಯನ್ನೋ ನೆಲವನ್ನೋ ನಜಸ್ ಎನ್ನುವಂತಿಲ್ಲ. ಹಾಗೆ ಮತ್ತೆ ಮತ್ತೆ ತೊಳೆಯುತ್ತ ಕೂರುವುದಕ್ಕೆ ಅವರು 'ವಸ್‌ವಾಸ್' ಎಂದು ಹೆಸರಿಟ್ಟು, ಅದನ್ನು ಭಕ್ತಿಯೆಂದಲ್ಲ, ಕಾಯಿಲೆಯೆಂದು ಎಣಿಸಿದರು. ಶುಚಿತ್ವವನ್ನು ವಿಶ್ವಾಸದ ಭಾಗವೆಂದು ಕಾಣುವ ಪರಂಪರೆಯೇ ಈ ಗಡಿಯನ್ನೂ ಎಳೆದಿದೆ. ನ್ಯೂಜಿಲೆಂಡಿನ ಅಧಿಕಾರಿಗಳಿಗೆ ಅಂತಹ ಗಡಿಯೊಂದು ಬೇಕಿತ್ತು. ವಸ್‌ವಾಸ್ ಹಿಡಿದವನು ತನ್ನ ನೀರನ್ನೂ ಸಮಯವನ್ನೂ ಮಾತ್ರ ಪೋಲು ಮಾಡುತ್ತಾನೆ. ಅಲ್ಲಿ ಇತರರ ಮನೆಗಳು ಹೋದವು.

2017ರ ಜೂನಿನಲ್ಲಿ ಹೊಸ ಮಾನದಂಡ ಬಂದು ಮಿತಿ 1.5ಕ್ಕೆ ಏರಿತು. ಅದೇ ವರ್ಷ ಸರಕಾರ ಬದಲಾಯಿತು. ಹೊಸ ವಸತಿ ಸಚಿವ ಫಿಲ್ ಟ್ವೈಫರ್ಡ್ ಅವರ ಕೋರಿಕೆಯಂತೆ ಪ್ರಧಾನಿಯ ಮುಖ್ಯ ವಿಜ್ಞಾನ ಸಲಹೆಗಾರ, ವೈದ್ಯ ವಿಜ್ಞಾನಿ ಸರ್ ಪೀಟರ್ ಗ್ಲುಕ್‌ಮನ್ ವಿಷಯವನ್ನು ಕೈಗೆತ್ತಿಕೊಂಡು 2018ರ ಮೇ ಕೊನೆಯಲ್ಲಿ ವರದಿ ಕೊಟ್ಟರು. ಕೇವಲ ಸೇದಿದ್ದರಿಂದ ಗೋಡೆಗೆ ಹತ್ತಿದ ಅಂಶವು ಆಮೇಲೆ ಆ ಮನೆಯಲ್ಲಿ ವಾಸಿಸಿದವರಿಗೆ ಕಾಯಿಲೆ ತಂದಿದೆ ಎನ್ನಲು ಜಗತ್ತಿನಲ್ಲೆಲ್ಲೂ ಪುರಾವೆ ಸಿಕ್ಕಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ತಯಾರಿಕೆ ನಡೆದ ಅನುಮಾನವಿದ್ದರೆ ಅಥವಾ ಬಹಳ ಹೆಚ್ಚು ಬಳಕೆಯ ಗುರುತಿದ್ದರೆ ಮಾತ್ರ ಪರೀಕ್ಷೆ ಮಾಡಿ, ಉಳಿದ ಮನೆಗಳಲ್ಲಿ ಅದರ ಅಗತ್ಯವೇ ಇಲ್ಲ ಎಂದರು. ಅವರು ಸೂಚಿಸಿದ ಮಿತಿ 15 ಮೈಕ್ರೊಗ್ರಾಂ. ಜನರನ್ನು ಬೀದಿಗೆ ತಳ್ಳಿದ ಅಂಕೆಯ ಮೂವತ್ತು ಪಟ್ಟು!

ತಯಾರಿಕೆ ನಡೆದ ಮನೆಗಳ ವಿಷಯದಲ್ಲಿ ಗ್ಲುಕ್‌ಮನ್ ಸಡಿಲಿಕೆ ತೋರಿಸಲಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಅಲ್ಲಿ ಮೆತ್ ಒಂದೇ ಅಲ್ಲ, ಅದರೊಂದಿಗೆ ಇತರ ರಾಸಾಯನಿಕಗಳೂ ಇರುತ್ತವೆ. ಮೂವರು ಮಕ್ಕಳು ಸುಟ್ಟುಹೋದ ಚಕ್ರದ ಮನೆಯನ್ನೂ ಯಾರೋ ಒಮ್ಮೆ ಸೇದಿದ ಮಲಗುವ ಕೋಣೆಯನ್ನೂ ಒಂದೇ ಬಟ್ಟೆಯಿಂದ ಒರೆಸಿ ಒಂದೇ ಅಂಕೆಯಲ್ಲಿ ತೂಗಿದ್ದೇ ತಪ್ಪಾದುದು. ಮಾರ್ಟಿನಿಯವರ ಅಳತೆಗಳು ಸುಳ್ಳಾಗಿರಲಿಲ್ಲ. ಅವುಗಳನ್ನು ಬಾಡಿಗೆದಾರರ ಮೇಲಿನ ಸಾಕ್ಷ್ಯವಾಗಿ ತಿರುಚಿದವರು ಬೇರೆಯವರು.

2018ರ ಸೆಪ್ಟೆಂಬರಿನಲ್ಲಿ ಹೌಸಿಂಗ್ ನ್ಯೂಜಿಲೆಂಡ್ ಸಾರ್ವಜನಿಕವಾಗಿ ಕ್ಷಮೆ ಕೇಳಿತು. ಐದು ವರ್ಷಗಳಲ್ಲಿ ಸುಮಾರು 800 ಬಾಡಿಗೆದಾರರು, ಮನೆಮಂದಿಯೆಲ್ಲ ಸೇರಿ ಅಂದಾಜು 2,400 ಜನ ಇದರಿಂದ ತೊಂದರೆಗೊಳಗಾದರೆಂದು ಅದರ ವರದಿಯೇ ಒಪ್ಪಿಕೊಂಡಿತು. ಅವರ ಮೇಲೆ ಹೊರಿಸಿದ್ದ ಸಾಲ ಮನ್ನಾ ಆಯಿತು. ಸರಕಾರಿ ಮನೆಯಿಲ್ಲದೆ ಉಳಿದವರಿಗೆ ಮತ್ತೆ ಮನೆ ಕೊಡಿಸುವ ಭರವಸೆ ಸಿಕ್ಕಿತು. ಕಳೆದುಕೊಂಡ ಸಾಮಾನು ಮತ್ತು ಮನೆ ಬದಲಿಸಿದ ಖರ್ಚಿಗಾಗಿ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಸಾವಿರ ಡಾಲರ್ ಕೊಡಲಾಗುವುದೆಂದು ಹೇಳಲಾಯಿತು. ಹಣ ಪಡೆಯಬೇಕಾದವರನ್ನು ಮೊದಲು ಹುಡುಕಬೇಕಿತ್ತು.